ಶೋಕ, ಸಂತಾನಪಾಲನೆ ಮತ್ತು ಆತ್ಮೋನ್ನತಿ: ‘ಅಜಿತಪುರಾಣ’ದ ಅತ್ತಿಮಬ್ಬೆ

ಕವಿಚಕ್ರವರ್ತಿ ರನ್ನನು ಕ್ರಿ.ಶ. 993ರಲ್ಲಿ ರಚಿಸಿದ ‘ಅಜಿತಪುರಾಣ’ವು ಎರಡನೆಯ ತೀರ್ಥಂಕರರಾದ ಭಗವಾನ್ ಅಜಿತನಾಥರ ಚರಿತ್ರೆಯನ್ನೂ ಎರಡನೆಯ ಚಕ್ರವರ್ತಿಯಾದ ಸಗರನ ಕಥೆಯನ್ನೂ ಹನ್ನೆರಡು ಆಶ್ವಾಸಗಳಲ್ಲಿ ನಿರೂಪಿಸುವ ಚಂಪೂಕಾವ್ಯ. ಇದನ್ನು ಬರೆಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಕೇಳದ ಜೈನ ಮನೆ ಕರ್ನಾಟಕದಲ್ಲಿ ವಿರಳ. ಮಹಿಳಾ ಸಮಾಜಗಳು ಆಕೆಯ ಹೆಸರನ್ನು ಇಟ್ಟುಕೊಂಡಿವೆ. ಕರ್ನಾಟಕ ಸರ್ಕಾರವು ಆಕೆಯ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿದೆ. ಸಭೆಗಳಲ್ಲಿ ಆಕೆಯ ಮಾತು ಬಂದಾಗಲೆಲ್ಲ ಸಾವಿರ ಓಲೆಗರಿ ಪ್ರತಿಗಳ ಲೆಕ್ಕ, ಸಾವಿರದ ಐನೂರು ಜಿನಬಿಂಬಗಳ ಲೆಕ್ಕ, ಲಕ್ಕುಂಡಿಯ ಬಸದಿಯ ಭವ್ಯತೆ ತಪ್ಪದೆ ಬರುತ್ತವೆ.

ಆದರೆ ಈ ದಾನಶೀಲೆಯು ಪತಿಯನ್ನೂ ಒಡಹುಟ್ಟಿದ ತಂಗಿಯನ್ನೂ ಒಂದೇ ಆಘಾತದಲ್ಲಿ ಕಳೆದುಕೊಂಡು, ಆ ಶೋಕದ ನಡುವೆಯೇ ಮಗನನ್ನು ಸಾಕಿ ಬೆಳೆಸಿದ ತಾಯಿಯೂ ಹೌದು. ಈ ಸಂಗತಿಯನ್ನು ಎಲ್ಲರೂ ಬಲ್ಲರು; ಇದರ ಮೇಲೆ ನಿಂತು ಚಿಂತಿಸುವವರು ಕಡಿಮೆ. ಶೋಕದಲ್ಲಿರುವ ತಾಯಿ ಅಥವಾ ತಂದೆ ಮಕ್ಕಳನ್ನು ಬೆಳೆಸುತ್ತಿರುವಾಗ ತಾನು ಆತ್ಮಹಿತದ ದಾರಿಯಲ್ಲಿ ಮುಂದೆ ಸಾಗಿದ್ದೇನೆಯೋ ಹಿಂದೆ ಜಾರಿದ್ದೇನೆಯೋ ಎಂಬುದನ್ನು ಯಾವ ಗುರುತಿನಿಂದ ತಿಳಿಯಬೇಕು? ‘ಅಜಿತಪುರಾಣ’ವನ್ನು ಈ ಪ್ರಶ್ನೆಯೊಡನೆ ಓದಿದರೆ ಕಾವ್ಯದ ಹಿರಿಮೆಯೂ ಅದರ ಮಿತಿಯೂ ಒಟ್ಟಿಗೆ ಗೋಚರಿಸುತ್ತವೆ.

ಕಾವ್ಯವು ತಿಳಿಸುವ ವೃತ್ತಾಂತ

ಅತ್ತಿಮಬ್ಬೆಯ ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ. ಈ ಸಹೋದರರೇ ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಸಿದವರು. ಪುನ್ನಮಯ್ಯನು ಕಾವೇರಿಯ ದಡದಲ್ಲಿ ನಡೆದ ಯುದ್ಧದಲ್ಲಿ ಮಡಿದನು. ಮಲ್ಲಪಯ್ಯನ ಹೆಣ್ಣುಮಕ್ಕಳಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಇಬ್ಬರನ್ನೂ ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿಯಾದ ಧಲ್ಲಪನ ಮಗ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಗಿತ್ತು. ನಾಗದೇವನು ದಂಡನಾಯಕ. ಅವನೂ ಯುದ್ಧದಲ್ಲಿ ಪ್ರಾಣಬಿಟ್ಟನು. ತಂಗಿ ಗುಂಡಮಬ್ಬೆ ಪತಿಯ ಚಿತೆಯನ್ನೇರಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನ ಪಾಲನೆಗಾಗಿ ಉಳಿದುಕೊಂಡು, ವ್ರತೋಪವಾಸಗಳನ್ನು ಕೈಕೊಂಡು, ದಾನಧರ್ಮಗಳಲ್ಲಿ ಶೇಷಾಯುಷ್ಯವನ್ನು ಕಳೆದಳು.

ಹೀಗೆ ಒಂದೇ ಮನೆಯಲ್ಲಿ, ಒಂದೇ ಮರಣದ ಮುಂದೆ, ಇಬ್ಬರು ಸಹೋದರಿಯರು ಎರಡು ದಾರಿ ಹಿಡಿದರು. ಕವಿಯು ಇಬ್ಬರನ್ನೂ ಗೌರವದಿಂದಲೇ ಕಾಣುತ್ತಾನೆ. ಕಾಲದ ಕಟ್ಟಳೆಯನ್ನು ನೆನೆದರೆ ಇದು ಅಸಹಜವಲ್ಲ. ಆದರೆ ಜೈನಾಗಮದ ದೃಷ್ಟಿಯಲ್ಲಿ ಈ ಎರಡು ದಾರಿಗಳು ಸಮಾನವಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಲೋಕಮೂಢತೆಯನ್ನು ವಿವರಿಸುತ್ತ ಪುಣ್ಯವೆಂದು ನದೀಸಮುದ್ರಗಳಲ್ಲಿ ಮೀಯುವುದು, ಮರಳು ಕಲ್ಲುಗಳ ರಾಶಿ ಮಾಡುವುದು, ಬೆಟ್ಟದಿಂದ ಧುಮುಕುವುದು ಇವುಗಳ ಸಾಲಿನಲ್ಲಿ ಬೆಂಕಿಗೆ ಬೀಳುವುದನ್ನೂ ಸೇರಿಸಿದ್ದಾರೆ. ದುಃಖದ ಭರದಲ್ಲಿ ದೇಹವನ್ನು ಸುಡುವುದಕ್ಕೂ ಸಲ್ಲೇಖನಕ್ಕೂ ಯಾವ ಸಂಬಂಧವೂ ಇಲ್ಲ. ಗುಂಡಮಬ್ಬೆಯ ಮೇಲೆ ಇಂದು ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ಆಕೆಯ ಮೇಲೆ ಆ ಕಾಲದ ಲೋಕವು ಎಷ್ಟು ಭಾರ ಹೇರಿತ್ತೆಂಬುದನ್ನು ಆಕೆಯೇ ಬಲ್ಲಳು. ಆದರೆ ಅತ್ತಿಮಬ್ಬೆ ಬದುಕಿ ಉಳಿದದ್ದನ್ನು ‘ಮಗನಿದ್ದ ಕಾರಣ ಉಳಿದಳು’ ಎಂದು ರಿಯಾಯಿತಿಯ ದನಿಯಲ್ಲಿ ಹೇಳುವ ರೂಢಿಯನ್ನು ಬಿಡಬೇಕು. ಆಕೆ ಉಳಿದದ್ದು ಶ್ರಾವಿಕಾಧರ್ಮದ ಮೊದಲ ಹೆಜ್ಜೆ.

ರನ್ನನು ಬಲ್ಲ ಮೂರು ಶೋಕಗಳು

ಕವಿಯಾಗಿ ರನ್ನನಿಗೆ ಶೋಕವನ್ನು ವರ್ಣಿಸುವ ಶಕ್ತಿ ಎಷ್ಟಿತ್ತೆಂಬುದಕ್ಕೆ ಅವನ ‘ಗದಾಯುದ್ಧ’ವೇ ಸಾಕ್ಷಿ. ಅಲ್ಲಿ ದುರ್ಯೋಧನನು ರಣಭೂಮಿಯಲ್ಲಿ ನಡೆಯುತ್ತ ಗುರು ದ್ರೋಣನನ್ನೂ ತಮ್ಮ ದುಶ್ಶಾಸನನನ್ನೂ ಮಗ ಲಕ್ಷಣಕುಮಾರನನ್ನೂ ಗೆಳೆಯ ಕರ್ಣನನ್ನೂ ಹೆಣವಾಗಿ ಕಾಣುತ್ತಾನೆ. ಮಗನ ಎದುರು ಮರುಗುವ ಆ ತಂದೆ ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. ಆ ಕ್ಷಣದಲ್ಲಿ ಅವನೊಳಗೆ ಒಂದು ಉದಾತ್ತತೆ ಮೂಡುತ್ತದೆ. ಆದರೆ ಅದು ನಿಲ್ಲುವುದಿಲ್ಲ; ಶೋಕವು ಛಲಕ್ಕೆ ಇಂಧನವಾಗುತ್ತದೆ. ಮಾನಕಷಾಯವೂ ಕ್ರೋಧಕಷಾಯವೂ ದುಃಖವನ್ನು ಉಂಡು ಬೆಳೆಯುವ ಬಗೆಗೆ ಕನ್ನಡದಲ್ಲಿ ಇದಕ್ಕಿಂತ ಉತ್ತಮ ನಿದರ್ಶನ ದೊರೆಯದು.

ಎರಡನೆಯದು ಸಗರನ ಶೋಕ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದ ಪರಂಪರೆಯಲ್ಲಿ ಈ ಕಥೆ ಪ್ರಸಿದ್ಧ. ಸಗರನ ಅರುವತ್ತು ಸಾವಿರ ಮಕ್ಕಳು ಕೈಲಾಸದ ಸುತ್ತ ಅಗಳು ತೋಡಲು ಹೋಗುತ್ತಾರೆ. ಪೂರ್ವಜನ್ಮದ ಗೆಳೆಯನಾದ ಮಣಿಕೇತುದೇವನು ಸಗರನಿಗೆ ವೈರಾಗ್ಯ ಹುಟ್ಟಿಸಲೆಂದು ಸರ್ಪರೂಪದಿಂದ ಅವರನ್ನು ಬೂದಿಯಾದಂತೆ ತೋರಿಸುತ್ತಾನೆ. ಬಳಿಕ ಸತ್ತ ಮಗನನ್ನು ಬದುಕಿಸಿಕೊಡೆಂದು ಗೋಳಿಡುವ ಬ್ರಾಹ್ಮಣನ ವೇಷದಲ್ಲಿ ಅರಮನೆಗೆ ಬರುತ್ತಾನೆ. ಸಗರನು ಅವನಿಗೆ ಮರಣವು ಯಾರನ್ನೂ ಬಿಡದೆಂದು ತಿಳಿಹೇಳುತ್ತಾನೆ. ಆ ಉಪದೇಶ ಮುಗಿಯುತ್ತಿದ್ದಂತೆ ಅವನ ಸ್ವಂತ ಮಕ್ಕಳ ಮರಣವಾರ್ತೆಯನ್ನು ಅವನಿಗೆ ಮುಟ್ಟಿಸಲಾಗುತ್ತದೆ. ಸಗರನು ರಾಜ್ಯವನ್ನು ಭಗೀರಥನಿಗೆ ಒಪ್ಪಿಸಿ ದೀಕ್ಷೆ ವಹಿಸುತ್ತಾನೆ. ಕಡೆಗೆ ಮಣಿಕೇತುವು ಮಕ್ಕಳನ್ನು ಎಬ್ಬಿಸಿ ನಿಜವನ್ನು ಹೇಳುತ್ತಾನೆ. ಅವರೂ ತಂದೆಯ ದಾರಿಯನ್ನೇ ಹಿಡಿಯುತ್ತಾರೆ.

ಈ ಕಥೆಯಲ್ಲಿ ಎರಡು ಅಂಶಗಳು ವಿಚಾರಾರ್ಹ. ಪರರಿಗೆ ಸಮಾಧಾನ ಹೇಳುವುದು ಸುಲಭ, ಅದೇ ಮಾತು ತನ್ನತ್ತ ತಿರುಗಿದಾಗ ಅದರ ಭಾರ ತಿಳಿಯುತ್ತದೆ ಎಂಬುದು ಮೊದಲನೆಯದು. ಸಾವಿನ ಮನೆಗೆ ಹೋಗಿ ಸಂಸಾರದ ಅಸಾರತೆಯನ್ನು ವಿವರಿಸುವ ಬಂಧುಗಳು ಈ ಪ್ರಸಂಗವನ್ನು ಒಮ್ಮೆ ಓದಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಸಗರನ ಶೋಕವು ಒಂದು ಬೋಧನೆ; ಅದರ ಕೊನೆಯಲ್ಲಿ ಮಕ್ಕಳು ಎದ್ದು ಬರುತ್ತಾರೆ. ರಾಜ್ಯಭಾರ ಹೊರಲು ಭಗೀರಥನಿದ್ದಾನೆ. ಸಗರನಿಗೆ ಬಿಟ್ಟುಹೋಗುವ ಅವಕಾಶವಿದೆ, ಅವನ ಪಾಲಿಗೆ ಅದೇ ಶ್ರೇಯಸ್ಸಿನ ಮಾರ್ಗ.

ಇವೆರಡರ ಪಕ್ಕದಲ್ಲಿ ಅತ್ತಿಮಬ್ಬೆಯ ಶೋಕವನ್ನು ಇಟ್ಟು ನೋಡಬೇಕು. ಆಕೆಯ ನಾಗದೇವ ಎದ್ದು ಬರಲಿಲ್ಲ, ಗುಂಡಮಬ್ಬೆಯೂ ಬರಲಿಲ್ಲ. ಮನೆಯಲ್ಲಿ ಮಗನಿದ್ದ. ದುರ್ಯೋಧನನಂತೆ ಹಗೆಯ ಕಡೆಗೆ ಹೊರಳುವುದು ಆಕೆಗೆ ಸಲ್ಲದು. ಸಗರನಂತೆ ಎಲ್ಲವನ್ನೂ ಒಪ್ಪಿಸಿ ನಡೆಯುವುದು ಆ ಹೊತ್ತಿಗೆ ಸಾಧ್ಯವಿರಲಿಲ್ಲ. ಶ್ರಾವಕ ಮನೆಗಳಲ್ಲಿ ಸಾವು ಸಂಭವಿಸಿದಾಗ ಸಾಮಾನ್ಯವಾಗಿ ಒದಗುವುದು ಈ ಮೂರನೆಯ ಸ್ಥಿತಿಯೇ. ಪುರಾಣದ ಕಥಾಭಾಗದಲ್ಲಿ ಇದಕ್ಕೆ ಸ್ಥಾನ ದೊರೆತಿಲ್ಲ. ಕವಿಯು ಆಶ್ರಯದಾತೆಯ ವಂಶವನ್ನು ಹೇಳುವ ಕೆಲವೇ ಪದ್ಯಗಳಲ್ಲಿ ಅದು ಅಡಗಿ ಕುಳಿತಿದೆ.

ಕವಿಯ ಮೌನ

‘ಗದಾಯುದ್ಧ’ದ ಕವಿ ಅತ್ತಿಮಬ್ಬೆಯ ದುಃಖವನ್ನು ಏಕೆ ವರ್ಣಿಸಲಿಲ್ಲ? ಆಕೆಯನ್ನು ಹೊಗಳುವಾಗ ಅವನು ತರುವ ಹೋಲಿಕೆಗಳು ಬಿಳಿಯ ಅರಳೆ, ಗಂಗೆಯ ನೀರು, ಅಜಿತಸೇನ ಮುನಿಗಳ ಗುಣ, ಪವಿತ್ರವಾದ ಕೊಪಣಗಿರಿ. ಎಲ್ಲವೂ ಶುಚಿತ್ವವನ್ನು ಸೂಚಿಸುವಂಥವು. ಆ ಶುಚಿತ್ವ ಹೇಗೆ ಬಂತೆಂಬುದನ್ನು ಅವು ಹೇಳುವುದಿಲ್ಲ. ಹತ್ತಿಯ ವ್ಯಾಪಾರವನ್ನು ಬಲ್ಲವರಿಗೆ ತಿಳಿದಿರುವಂತೆ, ಬೀಜ ಬಿಡಿಸಿ, ಕಸ ತೆಗೆದು, ಹಿಂಜಿದ ಮೇಲೆಯೇ ಅರಳೆ ಬೆಳ್ಳಗೆ ಕಾಣುವುದು. ನಾಗದೇವನ ಮರಣಕ್ಕೂ ಕಾವ್ಯರಚನೆಗೂ ನಡುವಿನ ವರ್ಷಗಳು, ಮಗನಿಗೆ ಓದು ಕಲಿಸಿದ ದಿನಗಳು, ಅವನ ಪ್ರಶ್ನೆಗಳಿಗೆ ತಾಯಿ ಕೊಟ್ಟ ಉತ್ತರಗಳು, ಇವು ಯಾವುವೂ ಕಾವ್ಯದಲ್ಲಿ ಇಲ್ಲ. ವಿಮರ್ಶೆಯ ದೃಷ್ಟಿಯಿಂದ ಇದನ್ನು ಕೊರತೆಯೆಂದೇ ಹೇಳಬೇಕಾಗುತ್ತದೆ.

ಆದರೆ ಈ ಕೊರತೆಗೆ ಇನ್ನೊಂದು ಮುಖವೂ ಇದೆ. ದುರ್ಯೋಧನನು ಕಾವ್ಯದ ಪಾತ್ರ. ಅತ್ತಿಮಬ್ಬೆ ಕವಿಯ ಕಾಲದಲ್ಲಿ ಜೀವಿಸಿದ್ದ ಮಾನ್ಯ ಮಹಿಳೆ. ಆಕೆ ಬರೆಸಿದ ಕಾವ್ಯದಲ್ಲಿ ಆಕೆಯ ಕಣ್ಣೀರನ್ನೇ ಪ್ರದರ್ಶನಕ್ಕಿಡುವುದು ಉಚಿತವಲ್ಲವೆಂದು ಕವಿ ಭಾವಿಸಿರಬಹುದು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಬಳೆಯ ಸದ್ದು ನಿಂತ ಮನೆಯ ಅರ್ಥ ತಿಳಿಯದ್ದಲ್ಲ. ಅವನು ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಮಗಳಿಗೆ ಒಬ್ಬರ ಹೆಸರನ್ನಿಡುವವನು ಅವರ ದಾನವನ್ನು ಮಾತ್ರ ನೆನೆಯುವುದಿಲ್ಲ, ಅವರ ಬದುಕು ತನ್ನ ಮಗುವಿಗೆ ಮಾದರಿಯಾಗಲೆಂದು ಬಯಸುತ್ತಾನೆ. ಕಾವ್ಯವು ನುಡಿಯದೆ ಬಿಟ್ಟ ಗೌರವ ಈ ನಾಮಕರಣದಲ್ಲಿ ವ್ಯಕ್ತವಾಗಿದೆ.

ಸಿದ್ಧಾಂತದ ಅಳತೆಗೋಲು

ಕಾವ್ಯವು ಮೌನವಾಗಿರುವ ಎಡೆಯಲ್ಲಿ ಸಿದ್ಧಾಂತಗ್ರಂಥಗಳು ನೆರವಿಗೆ ಬರುತ್ತವೆ. ಶೋಕದ ವಿಷಯದಲ್ಲಿ ಸಮಾಜದಲ್ಲಿ ಎರಡು ತಪ್ಪು ಅಳತೆಗಳು ರೂಢಿಯಲ್ಲಿವೆ. ಕಣ್ಣೀರು ನಿಂತರೆ ‘ಧೈರ್ಯವಂತೆ’, ನಿಲ್ಲದಿದ್ದರೆ ‘ಆರ್ತಧ್ಯಾನಿ’ ಎನ್ನುವುದು ಒಂದು. ಬೇಗನೆ ನಿಂತುಬಿಟ್ಟರೆ ‘ಕಲ್ಲೆದೆ’ ಎನ್ನುವುದು ಇನ್ನೊಂದು. ಈ ಎರಡೂ ಮಾತುಗಳನ್ನು ಒಂದೇ ತಾಯಿ ಒಂದೇ ವಾರದಲ್ಲಿ ಕೇಳಬೇಕಾಗುವುದುಂಟು.

ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಒಂಬತ್ತನೆಯ ಅಧ್ಯಾಯದಲ್ಲಿ ಇಷ್ಟವಿಯೋಗದಿಂದ ಹುಟ್ಟುವ ಚಿಂತೆಯನ್ನು ಆರ್ತಧ್ಯಾನದ ಒಂದು ಭೇದವೆಂದು ಹೇಳಿದೆ. ಆ ಭಾಗವನ್ನು ಅರ್ಧ ಓದಿದವರು ಅಳುವವರನ್ನು ಗದರುತ್ತಾರೆ. ಅದೇ ಪ್ರಕರಣವು ಮುಂದುವರಿದು ಆರ್ತಧ್ಯಾನವು ಅವಿರತರಲ್ಲಿಯೂ ದೇಶವಿರತರಾದ ಶ್ರಾವಕರಲ್ಲಿಯೂ ಪ್ರಮತ್ತಸಂಯತರಾದ ಮುನಿಗಳಲ್ಲಿಯೂ ಸಂಭವಿಸುತ್ತದೆಂದು ಸ್ಪಷ್ಟಪಡಿಸುತ್ತದೆ. ಆರನೆಯ ಗುಣಸ್ಥಾನದ ಮುನಿಗಳಿಗೂ ಸಂಭವಿಸುವುದು ಪತಿಯನ್ನೋ ಪತ್ನಿಯನ್ನೋ ಕಳೆದುಕೊಂಡ ಗೃಹಸ್ಥರಿಗೆ ಸಂಭವಿಸಿದರೆ ಅದನ್ನು ಧರ್ಮಭ್ರಷ್ಟತೆ ಎನ್ನಲಾಗದು. ಶೋಕವು ಒಂಬತ್ತು ನೋಕಷಾಯಗಳಲ್ಲಿ ಒಂದು. ಚಾರಿತ್ರಮೋಹನೀಯ ಕರ್ಮದ ಉದಯದಿಂದ ಬರುವಂಥದ್ದು. ಅದು ಉದಯಕ್ಕೆ ಬಂದಿತೆಂಬುದರಲ್ಲಿ ಅವಮಾನವಿಲ್ಲ. ಉದಯಕ್ಕೆ ಬಂದಾಗ ಆತ್ಮವು ಅದರೊಡನೆ ಏನು ಮಾಡಿತೆಂಬುದು ವಿಚಾರಿಸಬೇಕಾದ ವಿಷಯ.

ಇಲ್ಲಿ ಅತ್ತಿಮಬ್ಬೆಯ ಕಾಲದ್ದೇ ಆದ ಒಂದು ಗ್ರಂಥವನ್ನು ಸ್ಮರಿಸುವುದು ಉಚಿತ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ‘ಗೋಮ್ಮಟಸಾರ’ದ ಕರ್ಮಕಾಂಡದಲ್ಲಿ ಕಷಾಯಗಳ ವಾಸನಾಕಾಲವನ್ನು ಹೇಳಲಾಗಿದೆ. ಸಂಜ್ವಲನ ಕಷಾಯದ ಸಂಸ್ಕಾರ ಅಂತರ್ಮುಹೂರ್ತ, ಎಂದರೆ 48 ನಿಮಿಷಗಳ ಒಳಗೆ, ಅಳಿಯುತ್ತದೆ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನು ಮೀರಿ ಭವಭವಾಂತರಕ್ಕೂ ಮುಂದುವರಿಯುವುದು ಅನಂತಾನುಬಂಧಿ. ಇವಕ್ಕೆ ಕೊಡುವ ಪ್ರಸಿದ್ಧ ದೃಷ್ಟಾಂತಗಳೆಂದರೆ ನೀರಿನ ಮೇಲಿನ ಗೆರೆ, ಧೂಳಿನ ಗೆರೆ, ನೆಲದ ಗೆರೆ, ಕಲ್ಲಿನ ಗೆರೆ. ನೀರಿನಲ್ಲೂ ಗೆರೆ ಮೂಡುತ್ತದೆ. ಮೂಡಿದ್ದು ಎಷ್ಟು ಹೊತ್ತು ನಿಂತಿತು ಎಂಬುದರಿಂದ ಅದರ ಜಾತಿ ತಿಳಿಯುತ್ತದೆ.

ಇದು ಗೃಹಸ್ಥರಿಗೆ ಬಹಳ ಉಪಯುಕ್ತವಾದ ಅಳತೆ. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ಭಾವಿಸೋಣ. ಮೂರನೆಯ ತಿಂಗಳಲ್ಲಿ ಮಗು ಹಾಲು ಚೆಲ್ಲಿದ್ದಕ್ಕೆ ರೇಗಿ ಎರಡು ದಿನ ಅದರೊಡನೆ ಮಾತಾಡಲಿಲ್ಲ. ಒಂಬತ್ತನೆಯ ತಿಂಗಳಲ್ಲಿ ಅಂಥದೇ ಕಾರಣಕ್ಕೆ ಅಷ್ಟೇ ಜೋರಾಗಿ ರೇಗಿದಳು. ಆದರೆ ಸಂಜೆಯ ಆರತಿಯ ಹೊತ್ತಿಗೆ ಮಗುವನ್ನು ಹತ್ತಿರ ಕರೆದು ಕೂರಿಸಿಕೊಂಡಳು. ವರ್ಷ ಕಳೆದ ಮೇಲೆಯೂ ರೇಗುತ್ತಾಳೆ, ತಟ್ಟೆ ಹಾಕುವುದರೊಳಗೆ ತಣ್ಣಗಾಗುತ್ತಾಳೆ. ಈ ತಾಯಿಯನ್ನು ಕೇಳಿದರೆ ‘ಏನೂ ಬದಲಾಗಿಲ್ಲ, ಇಂದಿಗೂ ಅಳು ಬರುತ್ತದೆ, ಇಂದಿಗೂ ಮಗುವಿನ ಮೇಲೆ ರೇಗುತ್ತೇನೆ’ ಎಂದೇ ಹೇಳುವಳು. ಆಕೆಗೆ ಗೋಚರಿಸದಿದ್ದರೂ ಎರಡು ದಿನವಿದ್ದದ್ದು ಅರ್ಧ ಘಳಿಗೆಗೆ ಇಳಿದಿದೆ. ಯಾವ ಕಷಾಯದ ಕ್ಷಯವೋ ಉಪಶಮವೋ ಆಯಿತೆಂದು ನಿರ್ಣಯಿಸುವುದು ಜ್ಞಾನಿಗಳಿಗೆ ಸೇರಿದ್ದು. ಶ್ರಾವಕರು ತಮ್ಮ ಗುಣಸ್ಥಾನವನ್ನು ತಾವೇ ಘೋಷಿಸಿಕೊಳ್ಳಲಾಗದು. ಆದರೆ ದಿಕ್ಕು ಸರಿಯಾಗಿದೆಯೆಂದು ತಿಳಿಯಲು ಇಷ್ಟು ಸಾಕು.

ಮಕ್ಕಳಿರುವ ಮನೆಗೆ ಇನ್ನೊಂದು ಎಚ್ಚರಿಕೆಯೂ ಸೂತ್ರದಲ್ಲಿದೆ. ಆರನೆಯ ಅಧ್ಯಾಯವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವು ತನ್ನಲ್ಲಿ ಉಂಟಾದರೂ ಪರರಲ್ಲಿ ಉಂಟುಮಾಡಿದರೂ ಎರಡೂ ಕಡೆ ಉಂಟಾದರೂ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ತಾಯಿ ಅಳುವುದನ್ನು ಮಗು ಕಾಣುವುದು ತಪ್ಪಲ್ಲ. ತಂದೆಯ ನೆನಪಿಗೆ ಅವರಿಬ್ಬರೂ ವಾರಸುದಾರರು. ಆದರೆ ‘ನಿನ್ನಿಂದಲೇ ಹೀಗಾಯಿತು’, ‘ಇನ್ನು ನಮಗೆ ಯಾರಿದ್ದಾರೆ’ ಎಂಬ ಮಾತುಗಳು ತನ್ನ ಶೋಕವನ್ನು ಮಗುವಿನ ಹೆಗಲಿಗೆ ಹೊರಿಸುತ್ತವೆ. ಅಂಥ ಮಾತು ಬಾಯಿಗೆ ಬಂದೂ ಆಡದೆ ಉಳಿದ ದಿನವು ಸಾಧನೆಯ ದಿನವೇ ಸರಿ. ಆ ದಿನ ಉಪವಾಸವಿರಲಿಲ್ಲ, ಪೂಜೆಗೆ ಹೋಗಲಾಗಲಿಲ್ಲ ಎಂದು ಆಕೆ ಪರಿತಪಿಸಬೇಕಾಗಿಲ್ಲ, ವಾಕ್ಸಂಯಮವೂ ತಪಸ್ಸೇ.

ಅದುಮುವುದೂ ತೀರುವುದೂ

ಶೋಕವನ್ನು ಅದುಮಿಟ್ಟು ನಗುಮುಖ ತೋರುವುದನ್ನು ಪ್ರಗತಿಯೆಂದು ಭಾವಿಸುವ ಅಪಾಯವೂ ಇದೆ. ಗುಣಸ್ಥಾನಗಳ ಕ್ರಮದಲ್ಲಿ ಮೋಹವನ್ನು ಉಪಶಮಗೊಳಿಸುತ್ತ ಏರುವ ಮುನಿಗಳು ಹನ್ನೊಂದನೆಯ ಉಪಶಾಂತಮೋಹದವರೆಗೆ ಹೋಗಿಯೂ ಅಲ್ಲಿಂದ ಕೆಳಗಿಳಿಯಲೇಬೇಕಾಗುತ್ತದೆ. ಕ್ಷಪಕಶ್ರೇಣಿಯಲ್ಲಿ ಏರುವವರು ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಸಾಗುತ್ತಾರೆ. ಇದು ಮಹಾಮುನಿಗಳ ಮಾತು; ಗೃಹಸ್ಥರಿಗೆ ನೇರವಾಗಿ ಅನ್ವಯಿಸದು. ಆದರೂ ದೃಷ್ಟಾಂತವಾಗಿ ಸ್ವೀಕರಿಸಿದರೆ, ಅದುಮಿಟ್ಟದ್ದು ಮರಳಿ ಏಳುತ್ತದೆ, ಸವೆದು ತೀರಿದ್ದು ಏಳುವುದಿಲ್ಲ ಎಂಬ ತಿಳಿವು ಸಿಗುತ್ತದೆ. ದೇಶವಿರತ ಶ್ರಾವಕರ ಸ್ಥಿತಿಯನ್ನು ಶಾಸ್ತ್ರವು ಕ್ಷಾಯೋಪಶಮಿಕವೆಂದು ಹೇಳುತ್ತದೆ: ಕೆಲವಂಶ ತೀರಿದೆ, ಕೆಲವಂಶ ಅಡಗಿದೆ, ಕೆಲವಂಶ ಇನ್ನೂ ಉದಯದಲ್ಲಿದೆ. ಹಬ್ಬದ ದಿನ ಚೆನ್ನಾಗಿದ್ದವರು ಮರುದಿನ ಸಂತೆಯಲ್ಲಿ ಪರಿಚಿತ ದನಿಯೊಂದನ್ನು ಕೇಳಿ ಕುಸಿಯುವುದು ಇದೇ ಮಿಶ್ರಸ್ಥಿತಿಯ ಲಕ್ಷಣ. ಅದನ್ನು ಪತನವೆಂದು ಬರೆದುಕೊಳ್ಳಬಾರದು.

ಅತ್ತಿಮಬ್ಬೆಯ ದಾನವನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಅರ್ಥ ಬೇರೆಯಾಗುತ್ತದೆ. ಆಕೆ ಸಾವಿರ ಪ್ರತಿ ಮಾಡಿಸಿದ್ದು ಯಾವ ಗ್ರಂಥವನ್ನು? ತನ್ನ ತಂದೆಯೂ ಯುದ್ಧದಲ್ಲಿ ಮಡಿದ ಚಿಕ್ಕಪ್ಪನೂ ಬರೆಸಿದ ‘ಶಾಂತಿಪುರಾಣ’ವನ್ನು. ಆ ಆಯ್ಕೆಯಲ್ಲಿ ತವರಿನ ನೆನಪು ಇದ್ದೇ ಇರಬೇಕು. ಓಲೆಗರಿಯ ಪ್ರತಿಯೊಂದನ್ನೂ ಕಂಠದಿಂದ ಕೊರೆದು ಬರೆಯಬೇಕಾದ ಕಾಲದಲ್ಲಿ ಸಾವಿರ ಪ್ರತಿಗಳು ಒಂದೆರಡು ದಿನದ ಕೆಲಸವಲ್ಲ. ಮಮತೆಯ ವಸ್ತುವನ್ನು ಮರೆಯದೆ, ಅದನ್ನು ಎದೆಗೆ ಅವಚಿಕೊಂಡೂ ಕೂರದೆ, ಶಾಸ್ತ್ರದಾನವಾಗಿ ಪರರ ಮನೆಗೆ ಕಳಿಸುವುದು ಶೋಕವು ಸವೆಯುವ ಒಂದು ರೀತಿ. ದಾನದ ಸಂಖ್ಯೆಯನ್ನು ಹೊಗಳುವವರು ಈ ಆಯ್ಕೆಯನ್ನು ಗಮನಿಸಿದಂತೆ ಕಾಣದು.

ಮಗನ ವಿಷಯದಲ್ಲಿ ಇನ್ನೂ ಕಠಿಣವಾದ ಪರೀಕ್ಷೆ ಕಾದಿತ್ತು. ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯಲ್ಲಿ, ಕ್ರಿ.ಶ. 1007ರ ಲಕ್ಕುಂಡಿಯ ಶಾಸನದಲ್ಲಿ ಅತ್ತಿಮಬ್ಬೆ ಪಡೆವಳ ತೈಲನ ತಾಯಿಯೆಂದು ಗುರುತಿಸಲ್ಪಟ್ಟಿದ್ದಾಳೆ. ಕಾವ್ಯದ ಅಣ್ಣಿಗದೇವನೇ ಈ ಪಡೆವಳ ತೈಲನೆಂದು ವಿದ್ವಾಂಸರು ಗುರುತಿಸುತ್ತಾರೆ. ಪಡೆವಳನೆಂದರೆ ಸೇನೆಯ ಮುಖ್ಯಸ್ಥ. ಚಿಕ್ಕಪ್ಪನನ್ನೂ ಪತಿಯನ್ನೂ ಕೊಂಡುಹೋದ ರಣಭೂಮಿಗೇ ಮಗನೂ ನಡೆದನು. ಶ್ರಾವಕನು ಸಂಕಲ್ಪಹಿಂಸೆಯನ್ನು ತ್ಯಜಿಸಿಯೂ ವಿರೋಧಿಹಿಂಸೆಯ ಕರ್ತವ್ಯವನ್ನು ಬಿಡಲಾರದ ಕುಲದಲ್ಲಿ ಅವನು ಹುಟ್ಟಿದ್ದ. ಅವನನ್ನು ತಡೆದು ಮನೆಯಲ್ಲಿ ಕೂರಿಸುವಷ್ಟು ಪ್ರಭಾವ ‘ದಾನಚಿಂತಾಮಣಿ’ಗೆ ಇರಲಿಲ್ಲವೆನ್ನಲಾಗದು. ಆದರೂ ಅವನು ಪಡೆವಳನಾದನು. ತನ್ನ ಭಯವನ್ನು ಮಗನ ಕಾಲಿಗೆ ಸಂಕೋಲೆಯಾಗಿ ಕಟ್ಟದೆ ಇದ್ದ ತಾಯಿಯ ಚಿತ್ರ ಇಲ್ಲಿದೆ. ಇಂದಿನ ಕಾಲದಲ್ಲಿ ಅಪಘಾತದಲ್ಲಿ ಪತಿಯನ್ನು ಕಳೆದುಕೊಂಡ ತಾಯಿ ಮಗನಿಗೆ ವಾಹನದ ಕೀಲಿ ಕೊಡುವ ದಿನವೂ, ಮಗಳನ್ನು ದೂರದ ಊರಿನ ವಿದ್ಯಾಲಯಕ್ಕೆ ಕಳಿಸುವ ದಿನವೂ ಇದೇ ಜಾತಿಯವು. ಆ ದಿನ ಎದೆ ನಡುಗುತ್ತದೆ. ನಡುಗಿಯೂ ಕೈ ಬಿಟ್ಟರೆ, ಮೋಹವು ಒಂದು ಎಳೆಯಷ್ಟು ಸಡಿಲವಾಯಿತೆಂದೇ ಅರ್ಥ.

ಮನೆಗಳಿಗೂ ಬಸದಿಗಳಿಗೂ

ವ್ಯಾಪಾರಿಯು ದಿನದ ರೋಜುಕೀರ್ದಿಯನ್ನು ನೋಡಿ ಲಾಭನಷ್ಟ ನಿರ್ಣಯಿಸುವುದಿಲ್ಲ. ಒಂದು ದಿನ ಗಲ್ಲಾ ಖಾಲಿಯಾಗಿದ್ದರೆ ಅಂಗಡಿ ಮುಳುಗಿತೆಂದಲ್ಲ. ದೀಪಾವಳಿಗೆ ಖಾತೆಗಳನ್ನು ಮುಗಿಸಿ ಹಿಂದಿನ ವರ್ಷದೊಡನೆ ಹೋಲಿಸಿದಾಗಲೇ ನಿಜಸ್ಥಿತಿ ತಿಳಿಯುವುದು. ಆದರೆ ದಿನದಿನವೂ ಬರೆಯದವನಿಗೆ ವರ್ಷದ ಕೊನೆಯಲ್ಲಿ ಹೋಲಿಸಲು ಏನೂ ಇರುವುದಿಲ್ಲ. ಪ್ರತಿಕ್ರಮಣಕ್ಕೆ ದೈವಸಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಎಂಬ ಕ್ರಮವನ್ನು ಪೂರ್ವಾಚಾರ್ಯರು ಇಟ್ಟದ್ದು ಸುಮ್ಮನಲ್ಲ. ಶೋಕದಲ್ಲಿರುವ ತಂದೆತಾಯಿಗಳು ರಾತ್ರಿ ಮಲಗುವ ಮುನ್ನ ಮಗುವಿನೊಡನೆ ಆದ ತಪ್ಪನ್ನು ಆಲೋಚನೆ ಮಾಡುವಾಗ, ಆ ದಿನ ತಪ್ಪದೆ ಉಳಿದ ಒಂದನ್ನೂ ಸ್ಮರಿಸಬೇಕು. ಪ್ರತಿಕ್ರಮಣವು ಆತ್ಮನಿಂದೆಯಲ್ಲಿ ಮುಗಿಯುವಂಥದ್ದಲ್ಲ, ಪ್ರತ್ಯಾಖ್ಯಾನದತ್ತ, ಎಂದರೆ ಮುಂದಿನ ದಿನದ ಸಂಕಲ್ಪದತ್ತ, ನಡೆಸುವಂಥದ್ದು. ಕ್ಷಮಾವಣಿಯ ದಿನ ಊರವರೆಲ್ಲರ ಕ್ಷಮೆ ಕೇಳುವವರು ಮನೆಯ ಮಗುವಿನ ಕ್ಷಮೆಯನ್ನೂ ಕೇಳಬಹುದು. ಮಗುವು ಕ್ಷಮಿಸುವುದನ್ನು ಕಲಿಯುವುದೂ ಅಲ್ಲಿಯೇ.

ಬಸದಿಗಳ ಆಡಳಿತ ಮಂಡಳಿಗಳ ಜವಾಬ್ದಾರಿಯೂ ಕಡಿಮೆಯದಲ್ಲ. ದುಃಖದ ಮನೆಗೆ ಹೋದವರು ಸಗರನಂತೆ ಉಪದೇಶಕ್ಕೆ ಇಳಿಯದೆ ಮಕ್ಕಳನ್ನು ಪಾಠಶಾಲೆಗೆ ಕರೆದೊಯ್ಯುವ ಹೊಣೆ ಹೊತ್ತರೆ ಅದು ನಿಜವಾದ ಸ್ಥಿತಿಕರಣ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ವಾತ್ಸಲ್ಯವೂ ಇವೆಯೆಂಬುದನ್ನು ಪಠಿಸಿದರಷ್ಟೇ ಸಾಲದು. ಮೃತರ ಹೆಸರಿನಲ್ಲಿ ಕಾಣಿಕೆಯ ಮಾತೆತ್ತುವ ಮೊದಲು ಆ ಮನೆಯ ಮಕ್ಕಳ ಶಾಲಾ ಶುಲ್ಕ ಕಟ್ಟಿದೆಯೇ ಎಂದು ವಿಚಾರಿಸುವುದು ಧರ್ಮ. ವಿಧವೆಯಾದ ಶ್ರಾವಿಕೆಯನ್ನು ಮಂಗಲಕಾರ್ಯಗಳಿಂದ ದೂರವಿಡುವ ಪದ್ಧತಿ ಎಲ್ಲಾದರೂ ಉಳಿದಿದ್ದರೆ, ಅಲ್ಲಿ ಅತ್ತಿಮಬ್ಬೆಯ ಚಿತ್ರಪಟಕ್ಕೆ ಹಾರ ಹಾಕುವುದರಲ್ಲಿ ಅರ್ಥವಿಲ್ಲ. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಆಕೆಯೂ ವಿಧವೆಯೇ.

‘ಅಜಿತಪುರಾಣ’ವು ಅತ್ತಿಮಬ್ಬೆಯ ಕಣ್ಣೀರನ್ನು ಲೆಕ್ಕವಿಡಲಿಲ್ಲ, ಆಕೆಯ ದಾನವನ್ನು ಲೆಕ್ಕವಿಟ್ಟಿತು. ಈ ಎರಡು ಲೆಕ್ಕಗಳಿಂದಲೂ ತಾಯಿಯೊಬ್ಬಳ ಆತ್ಮೋನ್ನತಿ ತಿಳಿಯದು. ಕಾವ್ಯರಚನೆಯಾದ ಹದಿನಾಲ್ಕು ವರ್ಷಗಳ ಮೇಲೆ ಶಾಸನ ಬರೆಯಿಸುವ ಹೊತ್ತಿನಲ್ಲಿ ಆಕೆಯ ಗುರುತಿಗೆ ಬಿರುದುಗಳ ಕೊರತೆಯಿರಲಿಲ್ಲ. ಆದರೂ ಕಲ್ಲಿನಲ್ಲಿ ಮಗನ ತಾಯಿಯೆಂಬ ಮಾತು ನಿಂತಿದೆ. ದಾನದ ದಿನಗಳನ್ನು ನೆನೆಯುವ ಸಭೆಗಳು ಆ ಮಾತಿಗೂ ಒಂದಿಷ್ಟು ಹೊತ್ತು ಕೊಟ್ಟರೆ, ಸಭೆಯ ಹಿಂದಿನ ಸಾಲಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ಒಬ್ಬ ತಾಯಿಗೆ ತಾನು ನಡೆಯುತ್ತಿರುವ ದಾರಿಯೂ ಧರ್ಮದ ದಾರಿಯೇ ಎಂಬ ಭರವಸೆ ದೊರೆತೀತು.